ಕ್ಯಾಂಟನ್ ವರ್ತಕರ ಕಾಗದಗಳು

ಅಫೀಮು ಯುದ್ಧ ಎಂದರೆ ನಮ್ಮ ಬ್ಯಾಚಿನವರಿಗೆಲ್ಲ ಎರಡು ಅಂಕದ ಪ್ರಶ್ನೆ. ಕಾರಣಕ್ಕೆ ಒಂದು ವಾಕ್ಯ, ಪರಿಣಾಮಕ್ಕೆ ಒಂದು ವಾಕ್ಯ, ನಾನ್ಕಿಂಗ್ ಒಪ್ಪಂದ 1842, ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು ಎಂದು ಬರೆದರೆ ಪೂರ್ತಿ ಅಂಕ. ಅದು ನಮ್ಮ ದೇಶದ ಕಥೆಯಲ್ಲ ಎಂದುಕೊಂಡೇ ಓದಿದ್ದೆವು. ಈಚಿನ ಕೆಲವು ವರ್ಷಗಳಲ್ಲಿ ಆಫೀಸಿನ ಕೆಲಸ ಮುಗಿದ ಮೇಲೆ ಆ ಕಾಲದ ವ್ಯಾಪಾರಿಗಳು ಒಬ್ಬರಿಗೊಬ್ಬರು ಬರೆದ ಕಾಗದಗಳ ಬಗ್ಗೆ ಓದುವ ಹುಚ್ಚು ನನಗೆ ಹತ್ತಿತು. ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದವರು ಬಹುಶಃ ನನ್ನಿಂದ ಕಂಪ್ಯೂಟರಿನ ಬಗ್ಗೆ ನಿರೀಕ್ಷಿಸಿದ್ದರು. ಆದರೆ ಎರಡೇ ವಾಕ್ಯದಲ್ಲಿ ಮುಗಿಸಿದ್ದ ಆ ಯುದ್ಧದ ಬಗ್ಗೆ ಇನ್ನಷ್ಟು ಹೇಳಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಆ ಯುದ್ಧವನ್ನು ಫಿರಂಗಿಗಳು ಹೋರಾಡಿದ್ದು ಆಮೇಲೆ. ಅದಕ್ಕೆ ಮೊದಲು ಅದು ಕಾಗದಗಳಲ್ಲಿ ನಡೆಯಿತು. ಯಾರ ಕಾಗದ ತಲುಪಬೇಕಾದವರಿಗೆ ತಲುಪಿತು, ಯಾರದು ತಲುಪಲಿಲ್ಲ ಎಂಬುದರಲ್ಲೇ ಅರ್ಧ ಕಥೆ ಇದೆ.

ಮೊದಲು ಊರಿನ ಪರಿಚಯ. ಚೀನಾದ ದಕ್ಷಿಣದಲ್ಲಿ ಪರ್ಲ್ ನದಿಯ ದಡದಲ್ಲಿರುವ ಗುವಾಂಗ್‌ಜೌ ನಗರವನ್ನು ಆಗ ವಿದೇಶೀಯರು ಕ್ಯಾಂಟನ್ ಎನ್ನುತ್ತಿದ್ದರು. 1757ರಿಂದ ಚಕ್ರವರ್ತಿಯ ಆಜ್ಞೆಯಂತೆ ಐರೋಪ್ಯ ಹಡಗುಗಳಿಗೆ ತೆರೆದಿದ್ದ ಬಂದರು ಅದೊಂದೇ. ಅಲ್ಲಿಯೂ ಊರ ಗೋಡೆಯೊಳಗೆ ಅವರಿಗೆ ಪ್ರವೇಶವಿಲ್ಲ. ನದಿ ದಂಡೆಯ ಮೇಲೆ ಸಾಲಾಗಿ ಕಟ್ಟಿದ ಹದಿಮೂರು ಬಿಡಾರಗಳಲ್ಲಿ ಇರಬೇಕು. ಇವಕ್ಕೆ ಫ್ಯಾಕ್ಟರಿ ಎಂಬ ಹೆಸರಿದ್ದರೂ ಅಲ್ಲಿ ಏನೂ ತಯಾರಾಗುತ್ತಿರಲಿಲ್ಲ, ಅವು ವರ್ತಕರ ಮನೆ ಮತ್ತು ಉಗ್ರಾಣ, ಅಷ್ಟೆ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ, ಅವರು ಪೋರ್ಚುಗೀಸರ ಮಕಾವ್‌ನಲ್ಲಿ ಉಳಿಯಬೇಕು. ವ್ಯಾಪಾರವನ್ನು ಸರ್ಕಾರದ ಅನುಮತಿ ಪಡೆದ ಕೆಲವೇ ಚೀನೀ ವರ್ತಕರೊಂದಿಗೆ ಮಾತ್ರ ಮಾಡಬೇಕು. ಇವರಿಗೆ ಹಾಂಗ್ ವರ್ತಕರು ಎಂದು ಹೆಸರು. ವಿದೇಶೀಯ ಏನು ತಪ್ಪು ಮಾಡಿದರೂ ಅಧಿಕಾರಿಗಳು ಕೊರಳು ಹಿಡಿಯುತ್ತಿದ್ದದ್ದು ಅವನ ಪರವಾಗಿ ಜಾಮೀನು ನಿಂತ ಹಾಂಗ್ ವರ್ತಕನದ್ದು.

ಇಷ್ಟೆಲ್ಲ ಕಷ್ಟಪಟ್ಟು ಅವರು ಬರುತ್ತಿದ್ದದ್ದು ಮುಖ್ಯವಾಗಿ ಚಹಾಕ್ಕಾಗಿ. ನಮ್ಮಲ್ಲಿ ಉತ್ತರ ಕರ್ನಾಟಕದವರು ಚಹಾ ಎನ್ನುತ್ತಾರೆ, ಈ ಕಡೆ ಟೀ ಎನ್ನುತ್ತೇವೆ. ಎರಡೂ ಚೀನೀ ಮೂಲದ ಪದಗಳೇ. ಒಂದು ಕ್ಯಾಂಟನ್ ಕಡೆಯ ಉಚ್ಚಾರ, ಇನ್ನೊಂದು ಫುಜಿಯಾನ್ ಕರಾವಳಿಯದ್ದು. ಬ್ರಿಟನ್ ದೇಶಕ್ಕೆ ಚಹಾದ ಮೇಲಿನ ಸುಂಕವೇ ಸರ್ಕಾರದ ಆದಾಯದ ಸುಮಾರು ಹತ್ತನೇ ಒಂದು ಪಾಲು ತಂದುಕೊಡುತ್ತಿತ್ತು. ಆದರೆ ಚೀನೀಯರಿಗೆ ಇಂಗ್ಲೆಂಡಿನ ಉಣ್ಣೆ ಬಟ್ಟೆ ಬೇಕಿರಲಿಲ್ಲ, ಬೆಳ್ಳಿ ಬೇಕಿತ್ತು. ನಮ್ಮ ದೇಶದಿಂದ ಹತ್ತಿ ಹೋಗುತ್ತಿತ್ತು, ಮೈಸೂರು ಸೀಮೆಯ ಶ್ರೀಗಂಧವೂ ಮಲಬಾರ್ ಕರಾವಳಿಯ ಬಂದರುಗಳ ಮೂಲಕ ಹೋಗುತ್ತಿತ್ತು. ಅದರಿಂದ ಲೆಕ್ಕ ಸರಿಹೋಗುತ್ತಿರಲಿಲ್ಲ. ಲೆಕ್ಕ ಸರಿಮಾಡಿದ್ದು ಅಫೀಮು. ಬಿಹಾರ ಮತ್ತು ಕಾಶಿಯ ಸುತ್ತ ಈಸ್ಟ್ ಇಂಡಿಯಾ ಕಂಪನಿ ರೈತರಿಂದ ಗಸಗಸೆ ಬೆಳೆಸಿ, ಅಫೀಮನ್ನು ಕಲ್ಕತ್ತದಲ್ಲಿ ಹರಾಜು ಹಾಕುತ್ತಿತ್ತು. ಮಾಳವದ ಅಫೀಮು ಮುಂಬಯಿಯಿಂದ ಹೊರಡುತ್ತಿತ್ತು. ಚೀನಾದಲ್ಲಿ ಅದು ನಿಷಿದ್ಧ ವಸ್ತುವಾದ್ದರಿಂದ ಕಂಪನಿ ತನ್ನ ಹಡಗಿನಲ್ಲಿ ಒಯ್ಯುತ್ತಿರಲಿಲ್ಲ, ಆ ಕೆಲಸ ಖಾಸಗಿ ವರ್ತಕರದ್ದು. ಕೈ ಕೊಳೆಯಾಗದಂತೆ ಹಣ ಮಾಡುವ ಈ ಏರ್ಪಾಡು ಎಷ್ಟು ಜಾಣತನದ್ದು ನೋಡಿ! 1830ರ ದಶಕದ ಕೊನೆಗೆ ವರ್ಷಕ್ಕೆ ಸುಮಾರು 40,000 ಪೆಟ್ಟಿಗೆ ಚೀನಾ ಸೇರುತ್ತಿತ್ತು. ಬಂಗಾಳದ ಒಂದು ಪೆಟ್ಟಿಗೆ ಎಂದರೆ ಅರವತ್ತು ಕಿಲೋಗೂ ಮೇಲೆ.

ಈಗ ಕಾಗದಗಳ ವಿಷಯ. ಕ್ಯಾಂಟನ್‌ನಿಂದ ಲಂಡನ್‌ಗೆ ಹಡಗಿನಲ್ಲಿ ಹೊರಟ ಪತ್ರ ತಲುಪಲು ನಾಲ್ಕರಿಂದ ಆರು ತಿಂಗಳು. ಸೂಯೆಜ್ ಬಳಿ ಇಳಿದು, ನೆಲದ ಮೇಲೆ ಮರುಭೂಮಿ ದಾಟಿ, ಮತ್ತೆ ಹಡಗು ಹತ್ತಿಸುವ ದಾರಿ 1830ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಕಾಲ ಸ್ವಲ್ಪ ಉಳಿಯಿತು. ಹಡಗು ಮುಳುಗಬಹುದು, ಕಡಲ್ಗಳ್ಳರು ಹಿಡಿಯಬಹುದು. ಆದ್ದರಿಂದ ಒಂದೇ ಪತ್ರದ ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಬಂದ ಪತ್ರಕ್ಕೆ ಉತ್ತರ ಬರೆಯುವಾಗ ಮೊದಲ ಸಾಲಿನಲ್ಲೇ ನಿಮ್ಮ ಇಂತಿಂಥ ತಾರೀಖಿನ ಕಾಗದ ತಲುಪಿತು ಎಂದು ಬರೆಯುವುದು ಕಡ್ಡಾಯ. ನಾವು ಇಂದು ನೆಟ್‌ವರ್ಕಿನಲ್ಲಿ ಮಾಡುವುದೂ ಇದನ್ನೇ. ತಲುಪಿತು ಎಂಬ ಸಂದೇಶ ಬರುವ ತನಕ ಮತ್ತೆ ಮತ್ತೆ ಕಳಿಸುತ್ತೇವೆ. ವ್ಯತ್ಯಾಸವೆಂದರೆ ನಮ್ಮದು ಸೆಕೆಂಡಿನ ಸಾವಿರದೊಂದು ಭಾಗದ ಲೆಕ್ಕ, ಅವರದು ವರ್ಷದ ಲೆಕ್ಕ. ಕಳಿಸಿದ ಪ್ರತಿಯೊಂದು ಕಾಗದದ ನಕಲನ್ನೂ ಗುಮಾಸ್ತರು ದಪ್ಪ ಪುಸ್ತಕಗಳಲ್ಲಿ ಇಡುತ್ತಿದ್ದರು. ಹಾಗಾಗಿಯೇ ಅವು ಇಂದಿಗೂ ಉಳಿದಿವೆ. ಬ್ರಿಟಿಷರ ಅತಿ ದೊಡ್ಡ ವ್ಯಾಪಾರ ಸಂಸ್ಥೆಯಾಗಿದ್ದ ಜಾರ್ಡಿನ್ ಮ್ಯಾಥೆಸನ್‌ನವರ ಕಾಗದಪತ್ರಗಳು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿವೆ. ಅವರ ಪಾಲುದಾರ, ಮುಂಬಯಿಯ ಪಾರ್ಸಿ ವರ್ತಕ ಜಮ್ಶೆಟ್ಜಿ ಜೀಜೀಭಾಯಿಯವರ ಪತ್ರ ಪುಸ್ತಕಗಳು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಹಾಂಗ್ ವರ್ತಕರ ಮುಖಂಡ ವು ಬಿಂಗ್‌ಜಿಯಾನ್. ವಿದೇಶೀಯರು ಅವನನ್ನು ಹೌಕ್ವಾ ಎಂದು ಕರೆಯುತ್ತಿದ್ದರು. ತೆಳ್ಳಗಿನ, ಮಿತಭಾಷಿ ಮುದುಕ. 1834ರಲ್ಲಿ ತನ್ನ ಆಸ್ತಿ 2 ಕೋಟಿ 60 ಲಕ್ಷ ಬೆಳ್ಳಿ ಡಾಲರ್ ಎಂದು ಅವನೇ ಅಂದಾಜು ಹೇಳಿದ್ದ. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಇಂಗ್ಲಿಷ್ ಬರೆಯಲು ಬಾರದು, ಅಮೆರಿಕನ್ ಗುಮಾಸ್ತರ ಕೈಯಲ್ಲಿ ಬರೆಸುತ್ತಿದ್ದ. ಮಾತಾಡುತ್ತಿದ್ದದ್ದು ಪಿಜಿನ್ ಎಂಬ ಬೆರಕೆ ಭಾಷೆ. ಬಿಸಿನೆಸ್ ಎಂಬ ಪದವೇ ಚೀನೀಯರ ಬಾಯಲ್ಲಿ ಪಿಜಿನ್ ಆಯಿತು ಎನ್ನುತ್ತಾರೆ. ಆ ಭಾಷೆಯಲ್ಲಿ ನಮ್ಮ ಪದಗಳೂ ಇವೆ. ಮುದ್ರೆ ಒತ್ತಿದ ಕಾಗದಕ್ಕೆ ಚಾಪ್, ಅದು ನಮ್ಮ ಛಾಪಾ. ಬೆಳ್ಳಿ ನಾಣ್ಯ ಪರೀಕ್ಷಿಸುವವನಿಗೆ ಶ್ರಾಫ್, ಅವನು ನಮ್ಮ ಸರಾಫ.

ಕ್ಯಾಂಟನ್‌ನಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಇದ್ದ ಅಮೆರಿಕನ್ ವರ್ತಕ ವಿಲಿಯಂ ಹಂಟರ್ ಒಂದು ಪ್ರಸಂಗ ದಾಖಲಿಸಿದ್ದಾನೆ. ಬಾಸ್ಟನ್ನಿನ ಒಬ್ಬ ವ್ಯಾಪಾರಿ ಹೌಕ್ವಾನಿಗೆ 72,000 ಡಾಲರ್ ಬಾಕಿ ಉಳಿಸಿಕೊಂಡು, ತೀರಿಸಲಾಗದೆ, ಊರಿಗೂ ಹೋಗಲಾಗದೆ ಕೂತಿದ್ದ. ಹೌಕ್ವಾ ಸಾಲಪತ್ರವನ್ನು ತರಿಸಿ, ನೀನು ಪ್ರಾಮಾಣಿಕ, ನಿನಗೆ ಅದೃಷ್ಟ ಇಲ್ಲ ಅಷ್ಟೆ ಎಂಬರ್ಥದ ಮಾತು ಹೇಳಿ, ಅದನ್ನು ಹರಿದು ಬುಟ್ಟಿಗೆ ಹಾಕಿ ಊರಿಗೆ ಕಳಿಸಿದನಂತೆ. ಅಲ್ಲಿ ಲಕ್ಷಾಂತರ ಡಾಲರಿನ ವ್ಯಾಪಾರ ಬರೀ ಬಾಯಿಮಾತಿನ ಮೇಲೆ ನಡೆಯುತ್ತಿತ್ತು ಎಂದೂ ಹಂಟರ್ ಬರೆಯುತ್ತಾನೆ. ಹೌಕ್ವಾ ತನ್ನ 5 ಲಕ್ಷ ಡಾಲರನ್ನು ಜಾನ್ ಮರ್ರೆ ಫೋರ್ಬ್ಸ್ ಎಂಬ ತರುಣನ ಕೈಗೆ ಕೊಟ್ಟು ಅಮೆರಿಕದಲ್ಲಿ ಹೂಡಲು ಹೇಳಿದ್ದ. ಹಾಗೆ ಚಹಾ ಮಾರಿದ ಹಣ ಅಮೆರಿಕದ ರೈಲು ಹಳಿಯಾಯಿತು.

ಇವನನ್ನು ದೇವತಾಮನುಷ್ಯ ಮಾಡುವ ಅಗತ್ಯ ಇಲ್ಲ. ಹೌಕ್ವಾ ತಾನು ಅಫೀಮು ಮುಟ್ಟುತ್ತಿರಲಿಲ್ಲ ನಿಜ. ಆದರೆ ಅವನ ಆಪ್ತ ಅಮೆರಿಕನ್ ಸಂಸ್ಥೆ ರಸೆಲ್ ಅಂಡ್ ಕಂಪನಿ 1839ರವರೆಗೂ ಅದೇ ವ್ಯಾಪಾರದಲ್ಲಿತ್ತು, ಅದು ಅವನಿಗೆ ಗೊತ್ತಿತ್ತು. ಕ್ಯಾಂಟನ್‌ನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

1839ರ ಮಾರ್ಚ್ 10ರಂದು ಚಕ್ರವರ್ತಿಯ ವಿಶೇಷ ಪ್ರತಿನಿಧಿಯಾಗಿ ಲಿನ್ ಜೆಕ್ಸು ಬಂದಿಳಿದ. ಕೈ ಶುದ್ಧ ಇದ್ದ ಅಧಿಕಾರಿ, ಲಂಚ ತೆಗೆದುಕೊಳ್ಳದವನು, ಆದ್ದರಿಂದಲೇ ವರ್ತಕರಿಗೆ ಅವನನ್ನು ಹೇಗೆ ಸಂಭಾಳಿಸಬೇಕೆಂದು ತಿಳಿಯಲಿಲ್ಲ. ಇರುವ ಅಫೀಮನ್ನೆಲ್ಲ ಒಪ್ಪಿಸಿ, ಇನ್ನು ತರುವುದಿಲ್ಲ ಎಂದು ಬರೆದುಕೊಡಿ ಎಂದ. ಇವರು ಸಭೆ ಸೇರಿ ಕಾಲಹರಣ ಮಾಡಿದರು. ಮಾರ್ಚ್ 23ರಂದು ಎಪ್ಪತ್ತರ ಹತ್ತಿರದ ಹೌಕ್ವಾ ಮತ್ತು ಅವನ ಜೊತೆಗಾರ ಮೌಕ್ವಾ ಕೊರಳಿಗೆ ಕಬ್ಬಿಣದ ಸರಪಳಿ ಹಾಕಿಕೊಂಡು ಬ್ರಿಟಿಷರ ಮುಂದೆ ಬಂದು ನಿಂತರು. ಡೆಂಟ್ ಎಂಬ ವರ್ತಕ ಲಿನ್‌ನ ಮುಂದೆ ಹಾಜರಾಗದಿದ್ದರೆ ತಮ್ಮ ತಲೆ ಉಳಿಯುವುದಿಲ್ಲ ಎಂದು ಬೇಡಿಕೊಂಡರು. ಮೂವತ್ತು ವರ್ಷ ಜೊತೆಗೆ ವ್ಯಾಪಾರ ಮಾಡಿದ ಮನುಷ್ಯ ಸರಪಳಿಯಲ್ಲಿ ಎದುರು ನಿಂತಾಗ ಕೆಲವರಿಗೆ ನಿಜವಾಗಿ ಸಂಕಟವಾಯಿತು. ಕೆಲವರು ಅದು ನಾಟಕ ಎಂದರು. ಡೆಂಟ್ ಹೋಗಲಿಲ್ಲ.

ಮರುದಿನದಿಂದ ಸುಮಾರು 350 ವಿದೇಶೀಯರು ಆ ಬಿಡಾರಗಳಲ್ಲೇ ಬಂದಿಗಳು. ಚೀನೀ ಅಡುಗೆಯವರನ್ನು, ಆಳುಗಳನ್ನು ಹೊರಗೆ ಕರೆಸಿಕೊಂಡರು. ಲಕ್ಷಾಧೀಶ್ವರರು ತಾವೇ ಕಸ ಗುಡಿಸಿ, ನೀರು ಹೊತ್ತು, ಅಡುಗೆ ಮಾಡಬೇಕಾಯಿತು. ಸುಟ್ಟ ಅನ್ನ, ಚರ್ಮದಂತಾದ ಮೊಟ್ಟೆಯ ತಮಾಷೆಯ ವರ್ಣನೆಗಳು ಅವರ ಬರಹಗಳಲ್ಲಿವೆ. ಕಾವಲಿಗೆ ನಿಂತವರಲ್ಲಿ ಹೌಕ್ವಾನ ಆಳುಗಳೂ ಇದ್ದರು. ಹಗಲು ಕಾವಲು ಕಾದು, ರಾತ್ರಿ ಚೀಲಗಳಲ್ಲಿ ರೊಟ್ಟಿ, ಕೋಳಿ ತಂದು ಒಳಗೆ ಕೊಡುತ್ತಿದ್ದವರೂ ಅವರೇ! ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್, ಅಫೀಮನ್ನು ನನಗೆ ಒಪ್ಪಿಸಿ, ಬ್ರಿಟಿಷ್ ಸರ್ಕಾರ ಪರಿಹಾರ ಕೊಡುತ್ತದೆ ಎಂದು ಘೋಷಿಸಿದ. ವರ್ತಕರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ, ಏಕೆಂದರೆ ಆ ತಿಂಗಳುಗಳಲ್ಲಿ ಮಾಲು ಬಿಕರಿಯೇ ಆಗುತ್ತಿರಲಿಲ್ಲ. ಬಿಕರಿಯಾಗದ ಮಾಲಿಗೆ ಸಾಕ್ಷಾತ್ ಬ್ರಿಟಿಷ್ ಸರ್ಕಾರವೇ ಗಿರಾಕಿ. ಒಟ್ಟು 20,283 ಪೆಟ್ಟಿಗೆ ಲೆಕ್ಕಕ್ಕೆ ಬಂತು. ಲಿನ್ ಅದನ್ನು ಜೂನ್‌ನಲ್ಲಿ ಹುಮೆನ್ ಎಂಬಲ್ಲಿ ಹೊಂಡಗಳಲ್ಲಿ ಉಪ್ಪು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಡಿಸಿದ. ಅದಕ್ಕೆ ಮೂರು ವಾರ ಹಿಡಿಯಿತು.

ಇಲ್ಲಿಂದ ಕಾಗದಗಳ ಓಟ ಶುರು.

ವಿಲಿಯಂ ಜಾರ್ಡಿನ್ ಲಿನ್ ಬರುವ ಮೊದಲೇ, 1839ರ ಜನವರಿಯಲ್ಲಿ ಕ್ಯಾಂಟನ್ ಬಿಟ್ಟಿದ್ದ. ಒಮ್ಮೆ ತಲೆಗೆ ಬಿದ್ದ ಪೆಟ್ಟಿಗೆ ಅಲುಗಾಡದ ಅವನನ್ನು ಚೀನೀಯರು ಕಬ್ಬಿಣದ ತಲೆಯ ಮುದಿ ಇಲಿ ಎನ್ನುತ್ತಿದ್ದರು. ಅವನ ಕಚೇರಿಯಲ್ಲಿ ಒಂದೇ ಕುರ್ಚಿ ಇತ್ತಂತೆ, ಅದು ಅವನದು, ಬಂದವರು ಕೂತು ಕಾಲಹರಣ ಮಾಡಬಾರದೆಂದು. ಹಿಂದೆ ಉಳಿದ ಪಾಲುದಾರ ಜೇಮ್ಸ್ ಮ್ಯಾಥೆಸನ್ ಅವನಿಗೆ ಪತ್ರದ ಮೇಲೆ ಪತ್ರ ಬರೆದ. ಏನಾಯಿತು ಎಂಬುದು ಮಾತ್ರವಲ್ಲ, ಲಂಡನ್ನಿನಲ್ಲಿ ಏನು ಮಾಡಬೇಕು ಎಂಬುದೂ ಅದರಲ್ಲಿತ್ತು. ಒಳ್ಳೆಯ ವಕೀಲರನ್ನು ಹಿಡಿ, ಯಾವುದಾದರೂ ಪ್ರಮುಖ ಪತ್ರಿಕೆ ನಮ್ಮ ಪರ ಬರೆಯುವಂತೆ ನೋಡಿಕೋ, ಖರ್ಚಿಗೆ ಹಿಂದೆಮುಂದೆ ನೋಡಬೇಡ ಎಂಬ ಧಾಟಿ. ಜಾರ್ಡಿನ್ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್‌ನನ್ನು ಕಂಡ. ನಕಾಶೆಗಳನ್ನು ಹರಡಿದ. ಎಷ್ಟು ಯುದ್ಧನೌಕೆ, ಎಷ್ಟು ಸೈನಿಕರು, ಯಾವ ಬಂದರುಗಳನ್ನು ಮುಚ್ಚಬೇಕು, ಕೊನೆಗೆ ಒಪ್ಪಂದದಲ್ಲಿ ಏನು ಕೇಳಬೇಕು ಎಂಬುದನ್ನು ಬರೆದುಕೊಟ್ಟ. ಮಂತ್ರಿಮಂಡಲ ಅಕ್ಟೋಬರ್ 1ರಂದು ಸೈನ್ಯ ಕಳಿಸುವ ತೀರ್ಮಾನ ಮಾಡಿತು. ಪಾರ್ಲಿಮೆಂಟಿನಲ್ಲಿ ಚರ್ಚೆ ನಡೆದದ್ದು 1840ರ ಏಪ್ರಿಲ್‌ನಲ್ಲಿ, ಸರ್ಕಾರ ಗೆದ್ದದ್ದು 271ಕ್ಕೆ 262, ಒಂಬತ್ತೇ ಮತಗಳಿಂದ. ನಾನ್ಕಿಂಗ್ ಒಪ್ಪಂದದ ಸುದ್ದಿ ಬಂದ ಮೇಲೆ 1842ರ ನವೆಂಬರ್‌ನಲ್ಲಿ ಪಾಮರ್‌ಸ್ಟನ್ ಒಂದು ಖಾಸಗಿ ಪತ್ರದಲ್ಲಿ, ಈ ಯಶಸ್ಸಿಗೆ ಜಾರ್ಡಿನ್ ಮತ್ತು ಅವನ ಸ್ನೇಹಿತರು ಕೊಟ್ಟ ಮಾಹಿತಿಯೇ ಬಹುಮಟ್ಟಿಗೆ ಕಾರಣ ಎಂದು ಕೃತಜ್ಞತೆ ಹೇಳಿದ. ಯುದ್ಧಕ್ಕೆ ಕಾರಣಗಳು ಎಂಬ ಪ್ರಶ್ನೆಗೆ ನಾವು ಬರೆದ ಉತ್ತರದಲ್ಲಿ ಈ ಪತ್ರ ಇರಲಿಲ್ಲ.

ಇದೇ ವೇಳೆ ಇನ್ನೊಂದು ಕಾಗದವೂ ಲಂಡನ್‌ಗೆ ಹೊರಟಿತು. ಲಿನ್ ಜೆಕ್ಸು ರಾಣಿ ವಿಕ್ಟೋರಿಯಾಗೆ ಬರೆದದ್ದು. ನಮ್ಮ ದೇಶದಿಂದ ನಿಮಗೆ ಹೋಗುವುದು ಚಹಾ, ರೇಷ್ಮೆ, ಔಷಧಿಯ ಬೇರು, ಎಲ್ಲವೂ ಉಪಕಾರದ ವಸ್ತು. ನಿಮ್ಮ ವರ್ತಕರು ಪ್ರತಿಯಾಗಿ ವಿಷ ತರುವುದೇಕೆ, ನಿಮ್ಮ ದೇಶದಲ್ಲೇ ನಿಷೇಧಿಸಿರುವುದನ್ನು ಬೇರೆಯವರಿಗೆ ಉಣಿಸುವುದು ಸರಿಯೇ ಎಂಬುದು ಅದರ ತಾತ್ಪರ್ಯ. ಅವನಿಗೆ ಸಿಕ್ಕ ಮಾಹಿತಿಯಲ್ಲಿ ಒಂದು ತಪ್ಪಿತ್ತು. ಬ್ರಿಟನ್ನಿನಲ್ಲಿ ಅಫೀಮು ಆಗ ನಿಷಿದ್ಧವಾಗಿರಲಿಲ್ಲ, ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೂ ಪ್ರಶ್ನೆಯ ಮೊನೆ ಅದರಿಂದ ಮೊಂಡಾಗುವುದಿಲ್ಲ. 1840ರ ಜನವರಿಯಲ್ಲಿ ಥಾಮಸ್ ಕೌಟ್ಸ್ ಎಂಬ ಹಡಗಿನ ಕಪ್ತಾನ ಅದನ್ನು ಒಯ್ದ. ಲಂಡನ್ನಿನ ವಿದೇಶಾಂಗ ಕಚೇರಿ ಅದನ್ನು ಸ್ವೀಕರಿಸಲಿಲ್ಲ. ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು, ರಾಣಿಯ ಕೈ ಸೇರಲಿಲ್ಲ. ವ್ಯಾಪಾರಿಯ ಪತ್ರಕ್ಕೆ ತೆರೆದ ಬಾಗಿಲು ಚಕ್ರವರ್ತಿಯ ಪ್ರತಿನಿಧಿಯ ಪತ್ರಕ್ಕೆ ತೆರೆಯಲಿಲ್ಲ. ಅಷ್ಟು ಹೊತ್ತಿಗೆ ಸೈನ್ಯ ಕಳಿಸುವ ತೀರ್ಮಾನವೂ ಆಗಿಹೋಗಿತ್ತು ಎಂಬುದು ಬೇರೆ ಮಾತು.

ಮುಂಬಯಿಯ ಕಡೆಗೂ ಒಮ್ಮೆ ನೋಡಬೇಕು. ಜಾರ್ಡಿನ್ ಮತ್ತು ಜಮ್ಶೆಟ್ಜಿ ಪರಿಚಯವಾದದ್ದು 1805ರಲ್ಲಿ, ಬ್ರನ್ಸ್‌ವಿಕ್ ಎಂಬ ಹಡಗಿನಲ್ಲಿ. ಜಾರ್ಡಿನ್ ಹಡಗಿನ ವೈದ್ಯ, ಜಮ್ಶೆಟ್ಜಿ ತರುಣ ವ್ಯಾಪಾರಿ. ಫ್ರೆಂಚರು ಹಡಗು ಹಿಡಿದಾಗ ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದರು, ಅಲ್ಲಿ ಬೆಳೆದ ಸ್ನೇಹ ಜೀವನಪೂರ್ತಿ ಉಳಿಯಿತು. ಮುಂಬಯಿಯಿಂದ ಹೊರಟ ಅಫೀಮನ್ನು ಕ್ಯಾಂಟನ್‌ನಲ್ಲಿ ಕಮಿಷನ್ ಮೇಲೆ ಮಾರುತ್ತಿದ್ದದ್ದು ಜಾರ್ಡಿನ್ ಸಂಸ್ಥೆ. ಹೀಗಾಗಿ ಎಲಿಯಟ್ ಕೈಗೆ ಹೋದ ಪೆಟ್ಟಿಗೆಗಳಲ್ಲಿ ದೊಡ್ಡ ಪಾಲು ಭಾರತದ ವರ್ತಕರದ್ದು. ಪರಿಹಾರ ಯಾವಾಗ, ಎಷ್ಟು ಎಂಬ ಆತಂಕ ಮುಂಬಯಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲಂಡನ್‌ಗೆ ಅರ್ಜಿಗಳೂ ಹೋದವು. ಹಣ ಬಂದದ್ದು 1843ರಲ್ಲಿ, ಕೇಳಿದ್ದಕ್ಕಿಂತ ಬಹಳ ಕಡಿಮೆ. ಜಮ್ಶೆಟ್ಜಿ 1842ರಲ್ಲಿ ಸರ್ ಪದವಿ ಪಡೆದರು, ಆಸ್ಪತ್ರೆ ಕಟ್ಟಿಸಿದರು, ಲಕ್ಷಾಂತರ ಬಡವರು ಅಲ್ಲಿ ಚಿಕಿತ್ಸೆ ಪಡೆದಿದ್ದಾರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನಿಂದಾಗದು. ಜೆ.ಜೆ. ಆಸ್ಪತ್ರೆಯ ಹೆಸರು ಹೇಳುವಾಗ ಹುಮೆನ್‌ನ ಹೊಂಡಗಳೂ ನೆನಪಾಗುತ್ತವೆ, ಅಷ್ಟನ್ನು ಹೇಳಬಲ್ಲೆ.

ಯುದ್ಧ ನಡೆಯುತ್ತಿದ್ದರೂ ವ್ಯಾಪಾರ ನಿಲ್ಲಲಿಲ್ಲ. ಬ್ರಿಟಿಷರು ಕ್ಯಾಂಟನ್ ಬಿಟ್ಟು ಹೋದಾಗ ಎಲಿಯಟ್ ಅಮೆರಿಕನ್ನರನ್ನೂ ಬನ್ನಿ ಎಂದು ಕರೆದ. ರಸೆಲ್ ಕಂಪನಿಯ ರಾಬರ್ಟ್ ಬೆನೆಟ್ ಫೋರ್ಬ್ಸ್ ಒಪ್ಪಲಿಲ್ಲ. ತಾನು ಚೀನಾಕ್ಕೆ ಹವಾ ಬದಲಾವಣೆಗೆ ಬಂದವನಲ್ಲ, ಒಂದು ಗಜ ಬಟ್ಟೆ ಮಾರುವ, ಒಂದು ಸೇರು ಚಹಾ ಕೊಳ್ಳುವ ಅವಕಾಶ ಇರುವವರೆಗೆ ಇಲ್ಲೇ ಇರುತ್ತೇನೆ ಎಂಬರ್ಥದ ಉತ್ತರ ಕೊಟ್ಟ. ಆಮೇಲೆ ಬ್ರಿಟಿಷರ ಮಾಲನ್ನೇ ಅಮೆರಿಕನ್ ಬಾವುಟದ ಹಡಗುಗಳಲ್ಲಿ ನದಿಯೊಳಗೆ ತಂದು, ಚಹಾ ಹೊರಗೆ ಸಾಗಿಸಿ, ಕೈತುಂಬ ಬಾಡಿಗೆ ಪಡೆದ. ಮ್ಯಾಥೆಸನ್ ಸಂಸ್ಥೆ ಮನಿಲಾದ ಮೂಲಕ ಅಫೀಮು ಮಾರಾಟವನ್ನು ಮುಂದುವರಿಸಿತು. ಸರಕು ಕಡಿಮೆಯಾದ್ದರಿಂದ ಬೆಲೆಯೂ ಏರಿತ್ತು. ಆ ಪತ್ರಗಳಲ್ಲಿ ಅಫೀಮಿಗೆ ಬಹುಮಟ್ಟಿಗೆ ಮದ್ದು ಅಥವಾ ಆ ಸರಕು ಎಂಬ ಹೆಸರು. ಬೆಲೆ ಎಷ್ಟು ಏರಿತು, ಯಾವ ಹಡಗಿನಲ್ಲಿ ಎಷ್ಟು ಪೆಟ್ಟಿಗೆ, ಯಾವ ಕೊಲ್ಲಿಯಲ್ಲಿ ಗಿರಾಕಿ ಎಂಬುದೆಲ್ಲ ಬಿಡದೆ ಇದೆ. ಅದನ್ನು ಸೇದುವವನ ಸುಳಿವು ಹುಡುಕಿದರೂ ಸಿಗುವುದಿಲ್ಲ. ಅವನು ಯಾರಿಗೂ ಕಾಗದ ಬರೆದವನಲ್ಲ, ಅವನ ಬಗ್ಗೆ ಬರೆಯುವ ಅಗತ್ಯವೂ ಯಾರಿಗೂ ಬೀಳಲಿಲ್ಲ.

ಹೋರಾಡಲು ಹೋದವರೂ ಕಾಗದ ಬರೆದವರಲ್ಲ. ಬ್ರಿಟಿಷರ ಸೈನ್ಯದಲ್ಲಿ ದೊಡ್ಡ ಪಾಲು ನಮ್ಮ ಕಡೆಯವರು, ಮದ್ರಾಸ್ ಮತ್ತು ಬಂಗಾಳದ ಸಿಪಾಯಿಗಳು. 1841ರ ಮೇ ತಿಂಗಳ ಕೊನೆಯಲ್ಲಿ ಕ್ಯಾಂಟನ್ ಹೊರಗಿನ ಸಾನ್‌ಯುವಾನ್‌ಲಿ ಎಂಬ ಹಳ್ಳಿಯ ಬಳಿ, ಜಡಿಮಳೆಯಲ್ಲಿ 37ನೇ ಮದ್ರಾಸ್ ರೆಜಿಮೆಂಟಿನ ಒಂದು ತುಕಡಿ ದಾರಿ ತಪ್ಪಿತು. ಮದ್ದು ನೆನೆದು ಬಂದೂಕು ಹಾರಲಿಲ್ಲ. ಸಾವಿರಾರು ರೈತರು ಸುತ್ತುವರಿದರು. ಗದ್ದೆ ಉಳುವವರ ಮಕ್ಕಳ ಮೇಲೆ ಗದ್ದೆ ಉಳುವವರೇ ಭರ್ಜಿ ಎತ್ತಿ ನಿಂತಿದ್ದರು. ಆ ಯುದ್ಧಕ್ಕೆ ಹೋಗಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಇಂದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿದೆ. ಆ ರಸ್ತೆಯಲ್ಲಿ ಆಫೀಸಿಗೆ ಓಡಾಡುವ ನಮ್ಮ ಊರಿನವರೇ ಹತ್ತಾರು ಮಂದಿ ಇದ್ದಾರೆ.

ಕೊನೆಗೆ ಬಿಲ್ಲು ಯಾರ ಹೆಸರಿಗೆ ಬಂತು? ಅದೇ 1841ರ ಮೇ ತಿಂಗಳಲ್ಲಿ ಕ್ಯಾಂಟನ್ ನಗರವನ್ನು ಸುಡದೆ ಬಿಡಲು ಬ್ರಿಟಿಷರು ಕೇಳಿದ್ದು 60 ಲಕ್ಷ ಡಾಲರ್. ಹಾಂಗ್ ವರ್ತಕರು ಕೊಟ್ಟ 20 ಲಕ್ಷದಲ್ಲಿ 11 ಲಕ್ಷ ಹೌಕ್ವಾ ಒಬ್ಬನದೇ. 1842ರ ಆಗಸ್ಟ್ 29ರ ನಾನ್ಕಿಂಗ್ ಒಪ್ಪಂದದಲ್ಲಿ ಮತ್ತೆ 2 ಕೋಟಿ 10 ಲಕ್ಷ. ಅದರಲ್ಲಿ 1 ಕೋಟಿ 20 ಲಕ್ಷ ಯುದ್ಧದ ಖರ್ಚು, 60 ಲಕ್ಷ ಕರಗಿಸಿದ ಅಫೀಮಿನ ಬೆಲೆ, 30 ಲಕ್ಷ ದಿವಾಳಿಯಾದ ಹಾಂಗ್ ವರ್ತಕರು ಬ್ರಿಟಿಷರಿಗೆ ಉಳಿಸಿದ್ದ ಸಾಲ. ಆ ಸಾಲದಲ್ಲೂ ಸುಮಾರು 10 ಲಕ್ಷ ಹೌಕ್ವಾನ ಪೆಟ್ಟಿಗೆಯಿಂದಲೇ ಹೋಯಿತು. ಅವನು ಮಾಡದ ಸಾಲ, ಅವನು ಮಾರದ ಅಫೀಮು, ಅವನು ಕರೆಯದ ಯುದ್ಧ. ಹಾಂಗ್ ವರ್ತಕರ ವಿಶೇಷಾಧಿಕಾರವನ್ನೂ ಅದೇ ಒಪ್ಪಂದ ರದ್ದು ಮಾಡಿತು. ಇತ್ತ ಲಿನ್ ಜೆಕ್ಸುವನ್ನು ಚಕ್ರವರ್ತಿ ಪದಚ್ಯುತಗೊಳಿಸಿ ಪಶ್ಚಿಮದ ತುದಿಯ ಇಲಿ ಪ್ರಾಂತಕ್ಕೆ ಗಡೀಪಾರು ಮಾಡಿದ.

ಹೌಕ್ವಾ ಕಡೆಗಾಲದಲ್ಲಿ ಅಮೆರಿಕದ ಗೆಳೆಯನಿಗೆ ಬರೆಸಿದ ಒಂದು ಕಾಗದದಲ್ಲಿ, ತನಗೆ ಈಗ ಹರೆಯವಿದ್ದಿದ್ದರೆ ಹಡಗು ಹತ್ತಿ ಬಂದು ನಿಮ್ಮ ಹತ್ತಿರವೇ ಎಲ್ಲಾದರೂ ನೆಲೆಸುತ್ತಿದ್ದೆ ಎಂದು ಹೇಳಿಕೊಂಡಿದ್ದಾನೆ. ಜಗತ್ತಿನ ಶ್ರೀಮಂತ ವರ್ತಕನಿಗೆ ತನ್ನ ಊರಿನಲ್ಲೇ ಇರುವುದು ಬೇಡವಾಗಿತ್ತು. ಅವನು ಎಲ್ಲಿಗೂ ಹೋಗಲಿಲ್ಲ. 1843ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಮರುವರ್ಷ ನ್ಯೂಯಾರ್ಕಿನಲ್ಲಿ ಚೀನಾ ವ್ಯಾಪಾರಕ್ಕೆಂದು ಕಟ್ಟಿದ ಒಂದು ವೇಗದ ಹಡಗಿಗೆ ಅಲ್ಲಿಯ ವರ್ತಕರು ಹೌಕ್ವಾ ಎಂದೇ ಹೆಸರಿಟ್ಟು, ಚಹಾ ತರಲು ಕಳಿಸಿದರು.